ಎಂಟನೇ ಹೆಸರು

ಕಳೆದ ತಿಂಗಳು ಸಾಗರದಿಂದ ಅಕ್ಕನ ಫೋನು ಬಂತು. ಅವಳ ಮಗಳಿಗೆ ಗಂಡುಮಗು ಹುಟ್ಟಿ ಎರಡೂವರೆ ತಿಂಗಳಾಗಿತ್ತು. ನಾಮಕರಣಕ್ಕೆ ದಿನ ಗೊತ್ತು ಮಾಡಿದ್ದರು. ಕಾರ್ಡು ನಾನೇ ಮಾಡಿಕೊಡಬೇಕು. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಒಂದು ಗಲ್ಲಿಯಲ್ಲಿ ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ನಮ್ಮ ನೆಂಟರ ಪೈಕಿ ಏನೇ ಇದ್ದರೂ ಕಾಗದ ಅಚ್ಚಾಗುವುದು ಇಲ್ಲೇ.

"ಹೆಸರಿನ ಜಾಗ ಖಾಲಿ ಬಿಡು" ಅಂದಳು ಅಕ್ಕ.

"ಯಾಕೆ, ಇನ್ನೂ ಹೆಸರು ಹುಡುಕಿಲ್ವಾ?"

"ಹುಡುಕಿ ಆಗಿದೆ ಮಾರಾಯ. ನಿನ್ನ ಹೆಸರೇ ಇಡಬೇಕು ಅಂತ ಇವಳ ಹಟ. ಮಾವನ ಹೆಸರು ಇಟ್ರೆ ತಪ್ಪೆಂತದು ಅಂತಾಳೆ. ಅಳಿಯಂಗೂ ಇಷ್ಟ. ಆದ್ರೆ ಬೀಗರ ಮನೆ ಹಿರಿಯರೊಬ್ಬರು ಬೇಡ ಅಂತಿದಾರೆ. ಮಗು ಸ್ವಲ್ಪ ಕಪ್ಪು ನೋಡು. ಅರ್ಜುನ ಅಂದ್ರೆ ಬಿಳಿ ಅಂತ ಅರ್ಥ, ನಾಳೆ ಶಾಲೆಯಲ್ಲಿ ಮಕ್ಕಳು ಆಡ್ಕೊಂಡು ನಗ್ತಾರೆ ಅಂತ ಅವರ ಮಾತು."

ನಾನು ಏನೂ ಹೇಳಲಿಲ್ಲ. ಅಕ್ಕನೂ ಒಂದು ಗಳಿಗೆ ಸುಮ್ಮನಾದಳು. ಇಬ್ಬರಿಗೂ ಒಂದೇ ವಿಷಯ ನೆನಪಾಗಿತ್ತು.

1983ರಲ್ಲಿ ನಾನು ಏಳನೇ ಕ್ಲಾಸು. ಒಂದು ದಿನ ಹಾಜರಿ ಕರೆಯುತ್ತಿದ್ದ ಮೇಷ್ಟ್ರು ನನ್ನ ಹೆಸರು ಬಂದ ಕೂಡಲೇ ಪುಸ್ತಕ ಮಡಚಿದರು. "ಅರ್ಜುನ ಅಂದ್ರೆ ಏನು ಗೊತ್ತೇನ್ರೋ? ಬಿಳಿ ಅಂತ. ಈಗ ಇವನನ್ನ ನೋಡಿ" ಅಂದರು. ಇಡೀ ಕ್ಲಾಸು ನಕ್ಕಿತು. ನಾನು ಕಪ್ಪು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಪ್ಪು. ಅವತ್ತಿನವರೆಗೆ ಅದು ನನಗೆ ಒಂದು ವಿಷಯವೇ ಆಗಿರಲಿಲ್ಲ. ಮಾರನೇ ದಿನದಿಂದ ನನಗೆ "ಬಿಳಿಯ" ಅಂತ ಅಡ್ಡಹೆಸರು ಬಿತ್ತು. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಹುಡುಗರು ಹಾಗೆ ಕೂಗಿದ್ದನ್ನು ಅಕ್ಕ ಕೇಳಿಸಿಕೊಂಡಳು. ಕೆರೆ ಏರಿಯ ಮೇಲೆ ನಿಂತು ಅವರಿಗೆಲ್ಲ ಬೈದು, ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು. ಆ ರಾತ್ರಿ ಅಪ್ಪನ ಹತ್ತಿರ ಹೆಸರು ಬದಲಾಯಿಸಿ ಅಂತ ಅತ್ತೆ. "ಅಜ್ಜಿ ಇಟ್ಟ ಹೆಸರು ಕಣೋ" ಅಂದರು ಅಪ್ಪ. ಅಷ್ಟೇ.

ಅಜ್ಜಿ ಯಾಕೆ ಆ ಹೆಸರು ಇಟ್ಟರು ಅನ್ನುವುದಕ್ಕೆ ನಮ್ಮ ಊರಿನ ಮಳೆಗಾಲದ ಕಥೆ ಹೇಳಬೇಕು.

ನಮ್ಮ ಮೂಲಮನೆ ತೀರ್ಥಹಳ್ಳಿಯಿಂದ ಮೇಲಕ್ಕೆ, ತುಂಗಾ ಹೊಳೆಯ ಬಗಲಲ್ಲಿ. ಆಷಾಢದಲ್ಲಿ ಹಗಲು ರಾತ್ರಿ ಮಳೆ ಹೊಯ್ದರೂ ಗುಡುಗು ಕಡಿಮೆ. ಗುಡುಗು ಜೋರು ಅಂದರೆ ಭರಣಿ ಮಳೆ, ಕೃತ್ತಿಕೆ ಮಳೆಯಲ್ಲಿ. ಮಧ್ಯಾಹ್ನದವರೆಗೆ ಉರಿಬಿಸಿಲು, ಮೂರು ಗಂಟೆಗೆ ಗುಡ್ಡದ ಹಿಂದೆ ಮೋಡ ಕಪ್ಪಾಗಿ ಏಳುತ್ತದೆ. ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳವನ್ನು ಚಾಪೆ ಸಮೇತ ಎತ್ತಿಕೊಂಡು ಎಲ್ಲರೂ ಒಳಗೆ ಓಡುತ್ತೇವೆ. ಮೊದಲ ಸಿಡಿಲು ಬಡಿದ ಕೂಡಲೇ ಅಜ್ಜಿ ಜಗಲಿಯ ಕಂಬ ಹಿಡಿದು ಶುರುಮಾಡುತ್ತಿದ್ದರು: ಅರ್ಜುನಃ ಫಲ್ಗುಣಃ ಪಾರ್ಥಃ ಕಿರೀಟೀ ಶ್ವೇತವಾಹನಃ, ಬೀಭತ್ಸುರ್ವಿಜಯಃ ಕೃಷ್ಣಃ ಸವ್ಯಸಾಚೀ ಧನಂಜಯಃ. ಗುಡುಗು ನಿಲ್ಲುವವರೆಗೆ ಬಿಡುತ್ತಿರಲಿಲ್ಲ. ನಾವು ಮಕ್ಕಳೂ ದನಿ ಸೇರಿಸುತ್ತಿದ್ದೆವು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದು ಇದೆ. ಕರೆಂಟು ಹೋಗಿ ಕತ್ತಲಾದಾಗ ಮೊಬೈಲು ಹಿಡಿದುಕೊಂಡೇ ಈ ಹತ್ತು ಹೆಸರು ಹೇಳುವವರನ್ನು ನಾನು ನೋಡಿದ್ದೇನೆ.

ನಾನು ಹುಟ್ಟಿದ್ದು ಅಂಥದೇ ಒಂದು ಸಂಜೆಯಂತೆ. ಒಳಗೆ ಅಮ್ಮನಿಗೆ ನೋವು, ಹೊರಗೆ ಸಿಡಿಲು. ಅಜ್ಜಿ ಒಂದು ಕಡೆ ಬಿಸಿನೀರು ಕಾಯಿಸುತ್ತಾ, ಇನ್ನೊಂದು ಕಡೆ ಹತ್ತು ಹೆಸರು ಹೇಳುತ್ತಾ ಇದ್ದರಂತೆ. "ಅರ್ಜುನ ಅಂತ ಬಾಯಲ್ಲಿ ಇರುವಾಗಲೇ ನೀನು ಅತ್ತದ್ದು" ಅನ್ನುತ್ತಿದ್ದರು.

ಗುಡುಗಿಗೆ ಇದೇ ಹೆಸರು ಯಾಕೆ ಅಂದರೆ ಅವರದು ಸರಳ ಉತ್ತರ. ಸಿಡಿಲು ಇಂದ್ರನ ವಜ್ರಾಯುಧ. ಅರ್ಜುನ ಇಂದ್ರನ ಮಗ. ಮಗನ ಹೆಸರು ಕಿವಿಗೆ ಬಿದ್ದರೆ ಯಾವ ಅಪ್ಪನಾದರೂ ಕೈ ತಡೆಯುತ್ತಾನೆ. ಚಿಕ್ಕವನಿದ್ದಾಗ ಇದನ್ನು ಕೇಳಿ ಎಷ್ಟು ಧೈರ್ಯ ಬರುತ್ತಿತ್ತು ಅಂದರೆ, ಊರಿಗೆ ಊರೇ ನನ್ನ ಹೆಸರು ಹೇಳಿ ಸಿಡಿಲನ್ನು ಓಡಿಸುತ್ತಿದೆ ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಅಜ್ಜಿಯ ಮಾತಿಗೆ ಬಹಳ ಹಳೆಯ ಬೇರು ಇದೆ ಅಂತ. ಶತಪಥ ಬ್ರಾಹ್ಮಣದಲ್ಲಿ ಅರ್ಜುನ ಅನ್ನುವುದು ಇಂದ್ರನದೇ ಗುಟ್ಟಿನ ಹೆಸರು. ಅಪ್ಪನ ಗುಟ್ಟಿನ ಹೆಸರೇ ಮಗನಿಗೆ ಬಂದಿದೆ.

ಅಜ್ಜಿಗೆ ಇನ್ನೊಬ್ಬ ಅರ್ಜುನನೂ ಬೇಕಾಗುತ್ತಿದ್ದ. ಮೇಯಲು ಹೋದ ದನ ಸಂಜೆ ಕೊಟ್ಟಿಗೆಗೆ ಬರದಿದ್ದರೆ, ಕಿವಿಯ ಓಲೆ ಎಲ್ಲೋ ಬಿದ್ದರೆ, ಆಗ ಹೇಳುವುದು "ಕಾರ್ತವೀರ್ಯಾರ್ಜುನೋ ನಾಮ ರಾಜಾ ಬಾಹುಸಹಸ್ರವಾನ್". ಸಾವಿರ ತೋಳಿನ ರಾಜ ಅವನು. ಅವನನ್ನು ನೆನೆದರೆ ಕಳೆದದ್ದು ಸಿಗುತ್ತದೆ ಅನ್ನುವುದು ನಂಬಿಕೆ. ಅವನನ್ನು ಕೊಂದದ್ದು ಪರಶುರಾಮ. ಆ ಪರಶುರಾಮನ ಕೊಡಲಿಗೆ ಅಂಟಿದ್ದ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗದೆ, ಕೊನೆಗೆ ತೀರ್ಥಹಳ್ಳಿಯಲ್ಲಿ ತುಂಗೆಯ ನೀರಿಗೆ ಹೋಯಿತು ಅನ್ನುವುದು ನಮ್ಮ ಸ್ಥಳಪುರಾಣ. ಎಳ್ಳಮಾವಾಸ್ಯೆ ಜಾತ್ರೆಗೆ ಜನ ಮುಳುಗು ಹಾಕುವುದು ಅಲ್ಲೇ. ಒಬ್ಬ ಅರ್ಜುನ ಗುಡುಗಿಗೆ, ಒಬ್ಬ ಅರ್ಜುನ ಕಳೆದ ದನಕ್ಕೆ. ಒಂದೇ ಹೆಸರು ಮನೆಯಲ್ಲಿ ಇಷ್ಟು ಕೆಲಸ ಮಾಡುತ್ತಿತ್ತು.

ಶಾಲೆಯ ಆ ಘಟನೆ ಆದಮೇಲೆ ನಾನು ಗುಡುಗಿಗೆ ದನಿ ಸೇರಿಸುವುದನ್ನು ಬಿಟ್ಟೆ. ಅಜ್ಜಿ ಗಮನಿಸಿದರು, ಕೇಳಲಿಲ್ಲ.

1989ರಲ್ಲಿ ಶಿವಮೊಗ್ಗಕ್ಕೆ ಬಂದು ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಆಗ ಇನ್ನೂ ಸೀಸದ ಅಚ್ಚುಮೊಳೆಗಳ ಕಾಲ. ಮರದ ಕೇಸಿನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಗೂಡು. ಕೈ ತಾನಾಗಿ ಗೂಡಿಗೆ ಹೋಗುವುದಕ್ಕೆ ನನಗೆ ಆರು ತಿಂಗಳು ಹಿಡಿಯಿತು. ಮದುವೆ ಸೀಸನ್ನಿನಲ್ಲಿ ನಮಗೆ ಮೊದಲು ಮುಗಿಯುತ್ತಿದ್ದದ್ದು ಅರ್ಕಾವೊತ್ತು. ಆಶೀರ್ವಾದ, ಸರ್ವರಿಗೂ, ಕಾರ್ಯಕ್ರಮ, ವರ್ಷ, ಶರ್ಮ, ಎಲ್ಲದಕ್ಕೂ ಅದು ಬೇಕು. ಗೂಡು ಖಾಲಿಯಾದರೆ ಹಳೆಯ ಫಾರಂ ಬಿಚ್ಚಿ ಹೆಕ್ಕಿಕೊಳ್ಳಬೇಕು. ಅರ್ಕಾವೊತ್ತಿನ ಮೇಲೆ ನನಗೆ ಅವತ್ತಿನಿಂದ ಒಂದು ಪ್ರೀತಿ. ಬಾಯಲ್ಲಿ ಮೊದಲು ಬರುತ್ತದೆ, ಬರೆಯುವಾಗ ಆಮೇಲೆ ಬರುತ್ತದೆ. ನನ್ನ ಹೆಸರಲ್ಲೂ ಅದು ಇದೆ.

ಆ ಪ್ರೆಸ್ಸಿಗೆ ಒಬ್ಬರು ನಿವೃತ್ತ ಸಂಸ್ಕೃತ ಮೇಷ್ಟ್ರು ಬರುತ್ತಿದ್ದರು. ಸ್ತೋತ್ರದ ಸಣ್ಣ ಪುಸ್ತಕವೊಂದನ್ನು ಅಚ್ಚು ಹಾಕಿಸುತ್ತಿದ್ದರು. ಪ್ರೂಫು ತಿದ್ದುತ್ತಾ ನನ್ನ ಹೆಸರು ಕೇಳಿದರು. ಹೇಳಿದೆ. "ಒಳ್ಳೆ ಹೆಸರು" ಅಂದರು. ನನಗೆ ಏನಾಯಿತೋ, ಹಳೆಯ ಹುಣ್ಣು ಕೆರೆದ ಹಾಗಾಯಿತು. "ನನಗೆ ಹೊಂದೋದಿಲ್ಲ ಸಾರ್" ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅರ್ಥವಾಯಿತು ಅಂತ ಕಾಣುತ್ತದೆ.

"ಗುಡುಗು ಬಂದಾಗ ಹೇಳ್ತೀರಲ್ಲ, ಅದು ಬರ್ತದಾ ನಿನಗೆ?"

"ಬರ್ತದೆ."

"ಹೇಳು. ಎಂಟನೇ ಹೆಸರು ಯಾವುದು?"

ಬೆರಳು ಎಣಿಸುತ್ತಾ ಹೇಳಿದೆ. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ. ಎಂಟನೆಯದಕ್ಕೆ ಬಂದು ನನ್ನ ಬೆರಳು ನಿಂತಿತು. ಕೃಷ್ಣ.

ಕೃಷ್ಣ ಅಂದರೆ ಕಪ್ಪು. ಸಾವಿರ ಸಲ ಹೇಳಿದ್ದ ಹೆಸರು ಅದು. ಒಂದು ಸಲವೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಮೇಷ್ಟ್ರು ಪ್ರೂಫು ಪಕ್ಕಕ್ಕಿಟ್ಟು ವಿರಾಟಪರ್ವದ ಆ ಭಾಗ ಹೇಳಿದರು. "ಉತ್ತರನ ಪೌರುಷ ಒಲೆಯ ಮುಂದೆ" ಅನ್ನುತ್ತೇವಲ್ಲ, ಆ ಉತ್ತರಕುಮಾರ ಯುದ್ಧಕ್ಕೆ ಹೋಗಿ ಹೆದರಿ ಓಡುತ್ತಾನೆ. ಬೃಹನ್ನಳೆ ಅವನನ್ನು ಹಿಡಿದು ತಂದು ಬನ್ನಿಮರದ ಹತ್ತಿರ ನಿಲ್ಲಿಸಿ, ನಾನೇ ಅರ್ಜುನ ಅನ್ನುತ್ತಾನೆ. ಹುಡುಗನಿಗೆ ನಂಬಿಕೆ ಬರುವುದಿಲ್ಲ. ಅರ್ಜುನನಿಗೆ ಹತ್ತು ಹೆಸರಿವೆಯಂತೆ, ಹೇಳು ನೋಡೋಣ ಅನ್ನುತ್ತಾನೆ. ಆಗ ಅರ್ಜುನ ಹತ್ತನ್ನೂ ಹೇಳಿ, ಒಂದೊಂದು ಯಾಕೆ ಬಂತು ಅಂತ ಬಿಡಿಸುತ್ತಾನೆ. (ಅಲ್ಲಿ ಪಾರ್ಥನ ಜಾಗದಲ್ಲಿ ಜಿಷ್ಣು ಅಂತ ಇದೆ. ನಮ್ಮ ಮನೆಗಳಲ್ಲಿ ಹೇಳುವುದು ಪಾರ್ಥ.) ಫಲ್ಗುಣಿ ನಕ್ಷತ್ರದಲ್ಲಿ, ಹಿಮಾಲಯದ ಮೇಲೆ, ಹಗಲು ಹೊತ್ತು ಹುಟ್ಟಿದ್ದಕ್ಕೆ ಫಲ್ಗುಣ. ಬಿಳಿ ಕುದುರೆಯ ರಥಕ್ಕೆ ಶ್ವೇತವಾಹನ. ಎರಡೂ ಕೈಯಲ್ಲಿ ಬಿಲ್ಲು ಎಳೆಯುವುದಕ್ಕೆ ಸವ್ಯಸಾಚಿ. ಅರ್ಜುನ ಯಾಕೆ? ನನ್ನಂಥ ಬಣ್ಣ ಈ ಭೂಮಿಯಲ್ಲಿ ಸಿಗುವುದು ಕಷ್ಟ, ಮತ್ತೆ ನಾನು ಮಾಡುವ ಕೆಲಸ ಶುಭ್ರ, ಅದಕ್ಕೆ ಅರ್ಜುನ ಅನ್ನುತ್ತಾರೆ ಅಂತ ಅವನ ಉತ್ತರ.

ಕೃಷ್ಣ ಅನ್ನುವ ಹೆಸರನ್ನು ಅವನಿಗೆ ಇಟ್ಟದ್ದು ಅಪ್ಪ ಪಾಂಡು. ಕಪ್ಪಾಗಿ ಹೊಳೆಯುತ್ತಿದ್ದ ಮುದ್ದಿನ ಮಗು ಅಂತ ಪ್ರೀತಿಯಿಂದ ಹಾಗೆ ಕರೆದ. ಪಾಂಡು ಅಂದರೆ ಬಿಳಿಚಿಕೊಂಡವನು. ಬಿಳಿಚಿಕೊಂಡ ಅಪ್ಪ ಕಪ್ಪು ಮಗನನ್ನು ಎತ್ತಿಕೊಂಡು ಅವನ ಬಣ್ಣವನ್ನೇ ಹೆಸರಾಗಿ ಕರೆದ. ಈ ಒಂದು ಚಿತ್ರ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಅವತ್ತು ಊಟದ ಬಿಡುವಿನಲ್ಲಿ ಹೊಟ್ಟೆಗೆ ಏನೂ ಸೇರಲಿಲ್ಲ. ಹಿಂದಿನ ಬಾಗಿಲಲ್ಲಿ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ.

ಆಮೇಲೆ ನನಗೆ ನನ್ನ ಹೆಸರಿನ ಹುಚ್ಚು ಹಿಡಿಯಿತು. ಎಲ್ಲಿ ಅರ್ಜುನ ಅಂತ ಕಂಡರೂ ಓದುತ್ತಿದ್ದೆ. ಪ್ರೆಸ್ಸಿನಲ್ಲಿ ಕೆಲಸ ಮಾಡುವವನಿಗೆ ಓದಲು ಕಾಗದಕ್ಕೇನು ಕೊರತೆ? ಋಗ್ವೇದದ ಆರನೇ ಮಂಡಲದಲ್ಲಿ ಒಂದು ಸಾಲು ಸಿಕ್ಕಿತು: ಅಹಶ್ಚ ಕೃಷ್ಣಮಹರರ್ಜುನಂ ಚ. ಕಪ್ಪು ಹಗಲು ಮತ್ತು ಬಿಳಿ ಹಗಲು, ಅಂದರೆ ರಾತ್ರಿ ಮತ್ತು ಹಗಲು. ಎರಡೂ ಒಂದರ ಹಿಂದೆ ಒಂದು ತಿರುಗುತ್ತವೆ ಅನ್ನುತ್ತದೆ ಆ ಸೂಕ್ತ. ಅಲ್ಲಿ ಅರ್ಜುನ ಅನ್ನುವುದು ಇನ್ನೂ ಮನುಷ್ಯನ ಹೆಸರಲ್ಲ. ಬೆಳಗಾಗುವುದರ ಹೆಸರು. ಅದೇ ಋಗ್ವೇದದಲ್ಲಿ ಫಲ್ಗುಣಿ ನಕ್ಷತ್ರಗಳಿಗೂ ಅರ್ಜುನಿ ಅಂತ ಕರೆದಿದ್ದಾರೆ. ನಮ್ಮ ರೈತರು ಆ ನಕ್ಷತ್ರಗಳನ್ನು ಮಳೆಯ ಲೆಕ್ಕದಲ್ಲಿ ಗುರುತಿಸುತ್ತಾರೆ. ಹುಬ್ಬೆ ಮಳೆ, ಉತ್ತರೆ ಮಳೆ ಅಂದರೆ ಅವೇ. ಗದ್ದೆ ಹೊಡೆ ತುಂಬುವ ಹೊತ್ತಿನ ಮಳೆ.

ಈ ಶಬ್ದದ ನೆಂಟರು ದೇಶದ ಹೊರಗೂ ಇದ್ದಾರೆ. ಲ್ಯಾಟಿನ್ನಿನಲ್ಲಿ ಬೆಳ್ಳಿಗೆ ಅರ್ಜೆಂಟಂ ಅನ್ನುತ್ತಾರೆ. ಗ್ರೀಕಿನಲ್ಲಿ ಆರ್ಗುರೊಸ್. ಸಂಸ್ಕೃತದ ರಜತವೂ ಇದೇ ಮನೆತನ. ಎಲ್ಲಕ್ಕೂ ಬೇರು ಒಂದೇ: ಹೊಳೆಯುವುದು, ಬೆಳ್ಳಗಿರುವುದು. ಈಗಿನ ಟರ್ಕಿಯಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಆಳಿದ ಹಿಟ್ಟೈಟರು ಬಿಳಿಗೆ ಹರ್ಕಿ ಅನ್ನುತ್ತಿದ್ದರು, ಅದೂ ಇಲ್ಲಿಂದಲೇ. ಅರ್ಜೆಂಟೀನಾ ದೇಶಕ್ಕೆ ಹೆಸರು ಬಂದದ್ದು ಬೆಳ್ಳಿಯಿಂದ. ಫುಟ್ಬಾಲ್ ಮ್ಯಾಚಿನಲ್ಲಿ ಆ ದೇಶದ ಹೆಸರು ಕೇಳಿದಾಗಲೆಲ್ಲ ನನಗೆ ದೂರದ ದಾಯಾದಿಯನ್ನು ಕಂಡ ಹಾಗಾಗುತ್ತದೆ. ಗ್ರೀಕರ ಕಥೆಯಲ್ಲಿ ಒಡಿಸ್ಯೂಸ್ ರಾಜನ ನಾಯಿಗೆ ಆರ್ಗೊಸ್ ಅಂತ ಹೆಸರು. ಹೊಳೆಯುವವನು, ವೇಗದವನು ಅಂತ ಅರ್ಥ. ಇಪ್ಪತ್ತು ವರ್ಷ ಆದಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಬಂದ ಯಜಮಾನನನ್ನು ಗುರುತು ಹಿಡಿದು, ಬಾಲ ಅಲ್ಲಾಡಿಸಿ, ಪ್ರಾಣ ಬಿಡುತ್ತದೆ ಆ ನಾಯಿ. ನಮ್ಮ ಧರ್ಮರಾಯನ ಹಿಂದೆ ಹೋದ ನಾಯಿ ನೆನಪಾಗುತ್ತದೆ, ಅಲ್ವಾ?

ಕನ್ನಡವೂ ಅದನ್ನೇ ಮಾಡಿದೆ. ಬೆಳ್ ಅಂದರೆ ಬಿಳಿ, ಅದರಿಂದ ಬೆಳ್ಳಿ. ಬೇರೆ ಭಾಷೆ, ಬೇರೆ ಬೇರು, ಆದರೆ ನೋಟ ಒಂದೇ.

ಬೆಳ್ಳಿಯ ಬಗ್ಗೆ ಪ್ರೆಸ್ಸಿನವರು ಒಂದು ಮಾತು ಹೇಳಲೇಬೇಕು. ಸೀಸದ ಮೊಳೆ ಹೋಗಿ ಆಫ್‌ಸೆಟ್ ಬಂದಮೇಲೆ ಪೇಜುಗಳನ್ನು ಫಿಲ್ಮಿಗೆ ಹಾಕುತ್ತಿದ್ದೆವು. ಪಾರದರ್ಶಕ ಹಾಳೆ, ಅದರ ಮೇಲೆ ಗಾಢ ಕಪ್ಪು ಅಕ್ಷರ. ಕೆಲಸ ಮುಗಿದ ಫಿಲ್ಮುಗಳನ್ನು ನಾವು ಎಸೆಯುತ್ತಿರಲಿಲ್ಲ. ಕಟ್ಟು ಕಟ್ಟಿ ಇಡುತ್ತಿದ್ದೆವು. ವರ್ಷಕ್ಕೆ ಒಂದೆರಡು ಸಲ ಒಬ್ಬ ವ್ಯಾಪಾರಿ ಬಂದು ತೂಕಕ್ಕೆ ಕೊಂಡುಕೊಂಡು ಹೋಗುತ್ತಿದ್ದ. ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಬಿಡಿಸಿ ತೆಗೆಯುತ್ತಾರೆ. ಒಮ್ಮೆ ಅವನನ್ನು ಕೇಳಿದೆ, ಬೆಳ್ಳಿ ಎಲ್ಲಿದೆ ಇದರಲ್ಲಿ, ಬಿಳಿ ಬಣ್ಣವೇ ಕಾಣೋದಿಲ್ಲವಲ್ಲ ಅಂತ. ಅವನು ಫಿಲ್ಮನ್ನು ಬೆಳಕಿಗೆ ಹಿಡಿದು, ಕಪ್ಪು ಅಕ್ಷರದ ಮೇಲೆ ಬೆರಳಿಟ್ಟ. "ಈ ಕಪ್ಪೇ ಬೆಳ್ಳಿ ಅಣ್ಣ" ಅಂದ. ಬೆಳ್ಳಿಯ ಕಣ ತೀರಾ ಸಣ್ಣದಾಗಿ ಒಟ್ಟಾದಾಗ ಕಪ್ಪಾಗಿ ಕಾಣುತ್ತದೆ. ಬೆಳಕು ಬಿದ್ದ ಕಡೆ ಬೆಳ್ಳಿ ಉಳಿಯುತ್ತದೆ, ಬೀಳದ ಕಡೆ ತೊಳೆದು ಹೋಗುತ್ತದೆ. ಆ ಫಿಲ್ಮಿನ ಒಂದು ತುಂಡು ಈಗಲೂ ನನ್ನ ಮೇಜಿನ ಗಾಜಿನ ಕೆಳಗೆ ಇದೆ. ಯಾರದೋ ಮದುವೆಯ ಕಾರ್ಡಿನದು.

ಅಜ್ಜಿ ಮನೆಯ ಕೆಳಗೆ ಹೊಳೆಯಂಚಿನಲ್ಲಿ ಒಂದು ದೊಡ್ಡ ಮರ ಇದೆ. ನಾವು ಅದಕ್ಕೆ ಹೊಳೆಮತ್ತಿ ಅನ್ನುತ್ತೇವೆ. ಬಿಳಿಮತ್ತಿ ಅಂತಲೂ ಹೇಳುತ್ತಾರೆ. ಸಂಸ್ಕೃತದಲ್ಲಿ ಆ ಮರದ ಹೆಸರು ಅರ್ಜುನ. ಮಗು ಕೃಷ್ಣ ಒರಳು ಎಳೆದುಕೊಂಡು ಹೋಗಿ ಬೀಳಿಸಿದ ಜೋಡಿ ಮರಗಳು ಇವೇ. ಆಯುರ್ವೇದದವರು ಎದೆಗೆ ಒಳ್ಳೆಯದು ಅಂತ ಕೊಡುವ ಅರ್ಜುನಾರಿಷ್ಟ ಇದರ ತೊಗಟೆಯದು. ನನಗೆ ಐವತ್ತಾದ ವರ್ಷ ಊರಿಗೆ ಹೋದಾಗ ಒಂದು ಇಡೀ ಬೆಳಿಗ್ಗೆ ಆ ಮರದ ಬುಡದಲ್ಲಿ ಕೂತಿದ್ದೆ. ಬೇರು ದಡವನ್ನು ಹಿಡಿದುಕೊಂಡು ನೀರಿನವರೆಗೆ ಇಳಿದಿದೆ. ಕಾಂಡ ನುಣ್ಣಗೆ, ಬೂದಿ ಬಿಳಿ. ಅಲ್ಲಲ್ಲಿ ತೊಗಟೆ ಹಪ್ಪಳದ ಹಾಗೆ ಎದ್ದು ಕಳಚುತ್ತದೆ. ಒಂದು ಚಕ್ಕೆ ಎತ್ತಿದರೆ ಒಳಗೆ ನಸುಗೆಂಪು, ಮಗುವಿನ ಅಂಗೈಯ ಬಣ್ಣ. ಕೆಳಗೆಲ್ಲ ಹೋದ ವರ್ಷದ ಕಾಯಿ ಬಿದ್ದಿತ್ತು. ಐದು ರೆಕ್ಕೆಯ ಗಟ್ಟಿ ಕಾಯಿ.

ಮರದಿಂದ ಐವತ್ತು ಹೆಜ್ಜೆ ಮೇಲಕ್ಕೆ ಹತ್ತಿದರೆ ಕಾಡು ಶುರು. ಅಲ್ಲಿ ಕರಿಮತ್ತಿ. ಇದರದೇ ಜಾತಿ, ಅಣ್ಣತಮ್ಮ. ಅದರ ತೊಗಟೆ ಕಪ್ಪು, ಮೊಸಳೆಯ ಬೆನ್ನಿನ ಹಾಗೆ ಬಿರಿದದ್ದು. ಬಿರುಬೇಸಿಗೆಯಲ್ಲಿ ಕೆಲವು ಕರಿಮತ್ತಿಗೆ ಕತ್ತಿಯಲ್ಲಿ ಕಚ್ಚು ಹಾಕಿದರೆ ನೀರು ಚಿಮ್ಮುತ್ತದೆ. ದನ ಕಾಯುವವರು ಕುಡಿಯುತ್ತಿದ್ದ ನೀರು. ನಮ್ಮ ಊರಿನಲ್ಲಿ ಯಾರೂ ಬಿಳಿಮತ್ತಿ ಹೆಚ್ಚು, ಕರಿಮತ್ತಿ ಕಡಿಮೆ ಅಂದದ್ದು ನಾನು ಕೇಳಿಲ್ಲ.

ಹೆಸರಲ್ಲೂ ನಮ್ಮ ಹಿರಿಯರು ಹಾಗೇ ಇದ್ದರು. ಪ್ರೆಸ್ಸಿನ ಹಳೆಯ ರಸೀದಿ ಪುಸ್ತಕ ತೆಗೆದರೆ ಕರಿಯಪ್ಪ, ಕರಿಬಸಪ್ಪ, ಕೆಂಚಪ್ಪ, ಬೆಳ್ಳಿಯಪ್ಪ ಎಲ್ಲರೂ ಒಂದೇ ಸಾಲಿನಲ್ಲಿ ಕೂತಿದ್ದಾರೆ. ಅದೇ ಪುಸ್ತಕದಲ್ಲಿ ಅತಿ ಹೆಚ್ಚು ಸಿಗುವ ಹೆಸರು ಮಲ್ಲಿಕಾರ್ಜುನ. ನಮ್ಮ ಜಿಲ್ಲೆಯಲ್ಲಿ ಆಶ್ಚರ್ಯ ಇಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ ಕರೆದದ್ದು ಚೆನ್ನಮಲ್ಲಿಕಾರ್ಜುನನನ್ನು. ಮಲ್ಲಿಗೆಯ ಹಾಗೆ ಬೆಳ್ಳಗಿರುವವನು ಅನ್ನುವುದು ಒಂದು ಅರ್ಥ. ಮಲ್ಲಿಗೆಯಿಂದ ಪೂಜೆ ಪಡೆದವನು ಅನ್ನುವುದು ಶ್ರೀಶೈಲದ ಕಡೆಯ ಕಥೆ. ಇಲ್ಲಿ ಅರ್ಜುನ ಪಾಂಡವನಲ್ಲ, ಶಿವ. ಕಪ್ಪು ಮಲ್ಲಿಕಾರ್ಜುನರು, ಎಣ್ಣೆಗೆಂಪು ಮಲ್ಲಿಕಾರ್ಜುನರು, ನೂರಾರು ಜನ ನಮ್ಮ ಕೌಂಟರಿಗೆ ಬಂದು ಹೋಗಿದ್ದಾರೆ. ಯಾರಿಗೂ ಯಾರೂ ಬಣ್ಣದ ಲೆಕ್ಕ ಕೇಳಲಿಲ್ಲ.

ಪಂಪ ನಮ್ಮವನನ್ನು ಮಲೆನಾಡಿನ ಅಂಚಿಗೇ ಕರೆತಂದ. 941ರ ಹೊತ್ತಿಗೆ ಬರೆದ ತನ್ನ ಭಾರತದಲ್ಲಿ ಅರಿಕೇಸರಿ ರಾಜನನ್ನೇ ಅರ್ಜುನನನ್ನಾಗಿ ಮಾಡಿದ. ತೀರ್ಥಯಾತ್ರೆಗೆ ಹೊರಟ ಅರ್ಜುನ ಬನವಾಸಿಗೆ ಬರುತ್ತಾನೆ. "ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿದೇಶಮಂ" ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದು ಅಲ್ಲಿನ ಸಾಲು. ಸೊರಬ ದಾಟಿದರೆ ಬನವಾಸಿ. ಪಂಪನ ಅರ್ಜುನ ನಮ್ಮ ನೆರೆಯವನು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಪಂಜಾಬಿನಲ್ಲಿ ಅವನು ಅರ್ಜನ್ ಆದ. ಸಿಖ್ಖರ ಐದನೇ ಗುರು, 1604ರಲ್ಲಿ ಆದಿಗ್ರಂಥವನ್ನು ಜೋಡಿಸಿ, 1606ರಲ್ಲಿ ಲಾಹೋರಿನಲ್ಲಿ ಪ್ರಾಣ ಕೊಟ್ಟ ಗುರು ಅರ್ಜನ್ ದೇವ್. ಆದರೆ ನನಗೆ ಹೆಚ್ಚು ಖುಷಿ ಕೊಟ್ಟದ್ದು ಜಾವಾ. ಅಣ್ಣನ ಮಗ ಹಡಗಿನಲ್ಲಿ ಎಂಜಿನಿಯರ್. ಒಮ್ಮೆ ಸುರಬಾಯಾದಲ್ಲಿ ರಜೆ ಸಿಕ್ಕಿ ಒಳನಾಡಿಗೆ ಹೋದವನು ಒಂದು ಫೋಟೋ ಕಳಿಸಿದ. ಮೋಡದ ಮೇಲೆ ಎದ್ದ ಬೆಟ್ಟ. "ಚಿಕ್ಕಪ್ಪ, ಇದರ ಹೆಸರು ಅರ್ಜುನೊ" ಅಂತ ಬರೆದಿದ್ದ. 3,339 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಲೆಕ್ಕ ಹಾಕಿ. ಸುಮಾರು ಸಾವಿರ ವರ್ಷದ ಹಿಂದೆ ಐರ್‌ಲಂಗ ರಾಜನ ಕಾಲದಲ್ಲಿ ಎಂಪು ಕಣ್ವ ಅನ್ನುವ ಕವಿ ಅರ್ಜುನನ ತಪಸ್ಸು, ಮದುವೆಯ ಕಥೆಯನ್ನು ಹಳೆಯ ಜಾವಾ ಭಾಷೆಯಲ್ಲಿ ಬರೆದ. ಇವತ್ತಿಗೂ ಅಲ್ಲಿ ಮುಸ್ಲಿಂ ಮನೆಗಳಲ್ಲಿ ಹುಡುಗರಿಗೆ ಅರ್ಜುನ ಅಂತ ಹೆಸರಿಡುತ್ತಾರೆ. ಚೆಲುವನಿಗೆ ಅಲ್ಲಿ ಅರ್ಜುನ ಅನ್ನುವುದೇ ಮಾತು. ಅವರ ತೊಗಲುಗೊಂಬೆಯಾಟ ವಯಾಂಗ್‌ನಲ್ಲಿ ಅರ್ಜುನ ತೆಳ್ಳಗೆ, ತಲೆ ತಗ್ಗಿಸಿ ನಿಂತಿರುತ್ತಾನೆ. ಮುಖಕ್ಕೆ ಕೆಲವು ಗೊಂಬೆಗಳಲ್ಲಿ ಚಿನ್ನದ ಬಣ್ಣ, ಕೆಲವುದರಲ್ಲಿ ಕಪ್ಪು. ಕಪ್ಪು ಮುಖ ಅಂದರೆ ಅಲ್ಲಿ ಮಾಗಿದ ಮನಸ್ಸಿನ ಗುರುತು.

ಇಷ್ಟೆಲ್ಲ ಹೇಳಿ ನಮ್ಮ ಆನೆಯನ್ನು ಬಿಟ್ಟರೆ ತಪ್ಪಾಗುತ್ತದೆ. ಮೈಸೂರು ದಸರಾದಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನ ಕಾಡಿನಲ್ಲಿ ಕಾಡಾನೆ ಹಿಡಿಯುವ ಕೆಲಸದಲ್ಲಿ ಸತ್ತ. ಅವತ್ತು ಸಂಜೆ ನಮ್ಮ ಅಂಗಡಿಗೆ ಬಂದವರೆಲ್ಲ ಅದೇ ಮಾತಾಡಿದರು. ಮೆಷಿನ್ ಓಡಿಸುವ ಹುಡುಗ ಮೂಲೆಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ. ಒಂದು ಕಪ್ಪು ಆನೆಗೆ ಅರ್ಜುನ ಅಂತ ಹೆಸರಿಟ್ಟದ್ದು ತಪ್ಪು ಅಂತ ಈ ರಾಜ್ಯದಲ್ಲಿ ಒಬ್ಬರಿಗಾದರೂ ಅನ್ನಿಸಿತಾ?

ಈ ಭಾನುವಾರ ಕಾರ್ಡಿನ ಪ್ರೂಫು ಹಿಡಿದುಕೊಂಡು ನಾನೇ ಸಾಗರಕ್ಕೆ ಹೋದೆ. ಬೀಗರ ಹಿರಿಯರೂ ಬಂದಿದ್ದರು. ಎಂಬತ್ತು ದಾಟಿದವರು, ಮೃದು ಮಾತಿನವರು. ಮಗುವಿಗೆ ನೋವಾಗಬಾರದು ಅನ್ನುವುದು ಬಿಟ್ಟರೆ ಅವರ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ ಅಂತ ಐದು ನಿಮಿಷದಲ್ಲೇ ತಿಳಿಯಿತು. ಕಾಫಿ ಆಯಿತು. ನಾನು ಶಾಲೆಯ ಕಥೆ ಹೇಳಿದೆ. ಮೊದಲ ಸಲ ಅಕ್ಕನ ಹೊರತಾಗಿ ಬೇರೆಯವರ ಎದುರು ಹೇಳಿದ್ದು. ಅವರು ತಲೆ ತಗ್ಗಿಸಿ ಕೇಳಿದರು. "ಅದಕ್ಕೇ ಬೇಡ ಅಂದದ್ದು ನಾನು" ಅಂದರು.

"ಮಾವ, ಗುಡುಗು ಬಂದಾಗ ನೀವು ಹತ್ತು ಹೆಸರು ಹೇಳ್ತೀರಾ?"

"ಹೇಳದೆ? ನಮ್ಮ ತಾಯಿ ಕಲಿಸಿದ್ದು."

"ಎಂಟನೆಯದು ಯಾವುದು?"

ಅವರು ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಇಡುತ್ತಾ ಮೆಲ್ಲಗೆ ಹೇಳತೊಡಗಿದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಎಂಟನೇ ಗೆಣ್ಣಿಗೆ ಬಂದು ಹೆಬ್ಬೆರಳು ನಿಂತಿತು. ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಒಳಗೆ ತಿರುಗಿ, "ಕೂಸನ್ನ ಇಲ್ಲಿ ಕೊಡಿ" ಅಂದರು.

ನಾಮಕರಣ ಮೊನ್ನೆ ಆಯಿತು. ಕಾರ್ಡಿನಲ್ಲಿ ಹೆಸರಿನ ಜಾಗ ತುಂಬಿಸಿ ನೂರೈವತ್ತು ಪ್ರತಿ ತೆಗೆದಿದ್ದೆ. ಬೆಳ್ಳಿ ಹರಿವಾಣದಲ್ಲಿ ಅಕ್ಕಿ ಹರಡಿ ಅಳಿಯನ ಕೈಗೆ ಉಂಗುರ ಕೊಟ್ಟರು. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಓದಿದ ಹುಡುಗ, ಕನ್ನಡ ಬರೆದು ಎಷ್ಟು ವರ್ಷವಾಗಿತ್ತೋ. ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ಬರೆದ. ಅ. ಜು. ನ. ಬರೆದು ತಲೆ ಎತ್ತಿದ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ನನ್ನ ಸೊಸೆ ಪಕ್ಕದಿಂದ ಬಗ್ಗಿ, ಅವನ ಕೈಯನ್ನು ಉಂಗುರದ ಸಮೇತ ಹಿಡಿದು, ಜು ಮತ್ತು ನದ ನಡುವೆ ಅಕ್ಕಿಯನ್ನು ಸರಿಸಿ ಜಾಗ ಮಾಡಿ, ಅರ್ಕಾವೊತ್ತು ಬರೆಸಿದಳು.